ಕರೆಯುವ ಹಲಗೆ, ಓಗೊಡುವ ಹಲಗೆ

ಮಸರಕಲ್
12 ಜನವರಿ 2025

ಮೊಮ್ಮಗ ಕಿರಣಕುಮಾರನಿಗೆ ನಿನ್ನ ತಾತ ಗದ್ದೆಪ್ಪನ ಜೈಭೀಮ್ ಮತ್ತು ಆಶೀರ್ವಾದ.

ನೀನು ಹೇಗಿದ್ದೀ ಮಗಾ? ಮಾನ್ವಿಯಲ್ಲಿ ನಿನ್ನವ್ವ ಸುಮಂಗಲಾಳ ಮೊಣಕಾಲು ನೋವು ಇಳಿದಿದೆಯೇ? ಅಂಗನವಾಡಿಗೆ ನಡೆದೇ ಹೋಗುತ್ತಾಳೋ, ಆಟೋ ಹಿಡಿಯುತ್ತಾಳೋ? ಇಲ್ಲಿ ನಿನ್ನಜ್ಜಿ ಬಸ್ಸಮ್ಮನಿಗೆ ಕೆಮ್ಮು ಬಿಟ್ಟಿಲ್ಲ, ಬಾಯಿ ಮಾತ್ರ ಗಟ್ಟಿ ಇದೆ. ನಿನ್ನತ್ತೆ ದುರ್ಗಾ ಆಶಾ ಕಾರ್ಯಕರ್ತೆಯ ಕೆಲಸದಲ್ಲಿ ಓಣಿ ಓಣಿ ತಿರುಗಿ ಒಣಗಿದ್ದಾಳೆ. ನಮ್ಮ ಅಮೀರ್ ಸಾಬನೂ ಆರಾಮ. ದೇವದುರ್ಗದ ಸಂತೆಯಲ್ಲಿ ಇನ್ನೂ ಬಳೆ ಮಾರುತ್ತಾನೆ. ಮಾಲು ತರಲು ರಾಯಚೂರಿಗೆ ಬರುವಾಗ ಈ ಕಾಗದ ನಿನ್ನ ಕೈಗೆ ಕೊಡುತ್ತಾನೆ.

ನನ್ನದೇನು ಕೇಳುತ್ತೀ. ಎರಡೂ ಕಿವಿ ಪೂರ್ತಿ ಹೋದವು. ಎಳೆತನದಿಂದ ಚರ್ಮದ ಹಲಗೆ ಬಾರಿಸಿದವನಿಗೆ ಇಷ್ಟು ದಿನ ಕೇಳಿಸಿದ್ದೇ ಹೆಚ್ಚೆಂದು ಡಾಕ್ಟರು ದುರ್ಗಾಳ ಹತ್ತಿರ ಹೇಳಿದರಂತೆ. ಎದುರು ನಿಂತು ಮೆಲ್ಲಗೆ ಮಾತಾಡಿದರೆ ತುಟಿ ನೋಡಿ ತಿಳಿಯುತ್ತೇನೆ. ಉಳಿದದ್ದನ್ನು ಇವರು ನಿನ್ನಪ್ಪನ ಹಳೆಯ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಾರೆ. ಅವನು ಮೂರನೇ ಇಯತ್ತೆಯಲ್ಲಿದ್ದಾಗ ಅದೇ ಪಾಟಿಯ ಮೇಲೆ ನಾನು ಅಕ್ಷರ ತಿದ್ದಿದ್ದು. ಅವನು ಶಾಲೆಯಿಂದ ತಂದದ್ದನ್ನು ನಾನು ಕದ್ದು ಕಲಿತೆ. ಹಾಗಾಗಿ ಫೋನು ನನಗೆ ಉಪಯೋಗವಿಲ್ಲ. ಕಾಗದವೇ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನಪ್ಪ ಅಂಬರೀಶ ಹೋದ ಮೇಲೆ ನೀನು ಮಾನ್ವಿಗೆ ಒಮ್ಮೆಯೂ ಹೋಗಿಲ್ಲವೆಂದು ಸುಮಂಗಲಾ ದುರ್ಗಾಳಿಗೆ ಫೋನಿನಲ್ಲಿ ಅತ್ತಿದ್ದಾಳೆ. ಯಾವುದೋ ಹಾಡು ಹಾಕಿಕೊಂಡು ಮಲಗಿರುತ್ತೀಯಂತೆ. ಅದರಲ್ಲಿ ಮನುಷ್ಯರು ಕೊಯ್ದ ಹಂದಿಯಂತೆ ಕಿರುಚುತ್ತಾರಂತೆ. ಮುಖಕ್ಕೆ ಬಿಳಿ ಬಳಿದು, ಕಣ್ಣ ಸುತ್ತ ಕಾಡಿಗೆ ಮೆತ್ತಿಕೊಂಡ ನಿನ್ನ ಫೋಟೋವನ್ನೂ ಕಳಿಸಿದ್ದಳು. ನಾನು ನೋಡಿ, ಹುಡುಗ ಹಗಲುವೇಷದವರ ಮೇಳ ಸೇರಿದ್ದಾನೆ, ಒಳ್ಳೆಯದೇ ಎಂದುಕೊಂಡೆ. ನಿನ್ನಜ್ಜಿ ಮಾತ್ರ, “ಏನ್ ಇದು, ಸುಣ್ಣದ ಡಬ್ಬ್ಯಾಗ ಬಿದ್ದಾನೇನು? ಸತ್ತವರ ಮಾರಿ ಕಂಡಂಗ ಕಾಣತದ. ಮೊದಲ ಅಲ್ಲಿಗೆ ಹೋಗಿ ಮಾರಿ ತೊಳಸ್ರಿ,” ಎಂದಳು.

ಏನಿದು ಮಗಾ? ಬಯ್ಯುವುದಿಲ್ಲ. ಬರೆ, ಬೇಗ ಬರೆ.

ನಿನ್ನ ತಾತ,
ಗದ್ದೆಪ್ಪ


ರಾಯಚೂರು
2 ಫೆಬ್ರುವರಿ 2025

ತಾತನಿಗೆ ಕಿರಣನ ಜೈಭೀಮ್.

ನಾನು ಚೆನ್ನಾಗಿದ್ದೇನೆ. ತೀನ್ ಕಂದೀಲ್ ಹತ್ತಿರದ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಕೆಲಸ ನಡೆದಿದೆ. ಇದು ಮದುವೆ ಸೀಜನ್, ಅದಕ್ಕೇ ಮಾನ್ವಿಗೆ ಹೋಗಲಾಗಿಲ್ಲ. ಬೇರೆ ಕಾರಣವಿಲ್ಲ. ಅವ್ವ ಸುಮ್ಮನೆ ಗಾಬರಿಯಾಗುತ್ತಾಳೆ.

ನಾನು ಯಾವ ಮೇಳಕ್ಕೂ ಸೇರಿಲ್ಲ. ಅದು ರಷ್ಯಾ ದೇಶದ ಒಂದು ತರಹದ ಸಂಗೀತ, ಬ್ಲ್ಯಾಕ್ ಮೆಟಲ್ ಎನ್ನುತ್ತಾರೆ. ನಾನು ಕೇಳುವ ತಂಡದ ಹೆಸರಿಗೆ ಬೂದಿಯ ಕಾಡು ಎಂದರ್ಥ. ಹಾಡು ಶುರುವಾಗುವಾಗ ಬರೀ ಗಾಳಿ. ಆಮೇಲೆ ಮರದ ತೊಗಟೆಯಿಂದ ಮಾಡಿದ ಕೊಳಲು. ಹಳ್ಳಿಯ ಹೆಂಗಸರು ಬಾಯಿ ತೆರೆದು ಹಾಡುತ್ತಾರೆ, ನಮ್ಮಲ್ಲಿ ಸೋಬಾನೆ ಎಳೆಯುವ ಹಾಗೆ. ನಂತರ ನೂರು ಪಿಟೀಲು, ಕಹಳೆ, ಗಿಟಾರು ಒಟ್ಟಿಗೆ ಏಳುತ್ತವೆ. ಹಿಂದೆ ಡ್ರಮ್ಮು ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಬೀಳುತ್ತದೆ. ಅದರ ಮೇಲೆ ಒಬ್ಬ ಕಿರುಚುತ್ತಾನೆ. ಅವರಲ್ಲಿ ಚರ್ಚು ಬರುವ ಮೊದಲು ಗುಡುಗಿಗೆ, ಕಾಡಿಗೆ, ಹೊಳೆಗೆ ದೇವರಿದ್ದರಂತೆ. ಚಳಿಗಾಲ ಮುಗಿಯುವಾಗ ಹುಲ್ಲಿನ ಹೆಣ್ಣುಗೊಂಬೆ ಮಾಡಿ ಸುಡುತ್ತಾರಂತೆ. ಆ ಹಳೆಯ ದೇವರುಗಳನ್ನೂ ಸತ್ತ ಹಿರಿಯರನ್ನೂ ಕರೆಯುವ ಹಾಡುಗಳಿವು. ಮುಖಕ್ಕೆ ಹೆಣದ ಬಣ್ಣ ಹಚ್ಚಿಕೊಳ್ಳುವುದು ಅದಕ್ಕೇ. ಅಜ್ಜಿ ಸರಿಯಾಗಿಯೇ ಹೇಳಿದ್ದಾಳೆ.

ರಾಯಚೂರಿನ ಬಿಸಿಲಲ್ಲಿ ಕೂತು ಹಿಮದ ಹಾಡು ಕೇಳುವುದು ಹುಚ್ಚು ಎನ್ನಿಸಬಹುದು. ನನಗೆ ಅದರಲ್ಲಿ ತಂಪಿದೆ.

ಒಂದು ಕೆಲಸ ಆಗಬೇಕಿತ್ತು. ಆ ತಂಡದ ಡ್ರಮ್ಮಿನವ ಮಿರೊನ್ ಎಂಬಾತ ನನಗೆ ಪರಿಚಯ. ಫೋನಿನಲ್ಲಿ ಭಾಷಾಂತರ ಮಾಡಿಕೊಂಡು ಬರೆಯುತ್ತೇವೆ. ಅವರ ಹೊಸ ಹಾಡಿಗೆ ನಮ್ಮ ಕಡೆಯ ಹಲಗೆಯ ಸಾವಿನ ಬಡಿತ ಬೇಕಂತೆ. ಮಸರಕಲ್ಲಿನಲ್ಲಿ ಅದನ್ನು ಪೂರ್ತಿ ಬಲ್ಲವರು ನೀವೊಬ್ಬರೇ. ನಾನು ಬಂದು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಒಂದೇ ಸಲ ಬಾರಿಸಿದರೆ ಸಾಕು.

ಇಂತಿ,
ಕಿರಣ


ಮಸರಕಲ್
9 ಫೆಬ್ರುವರಿ 2025

ಮಗಾ ಕಿರಣ,

ಕಾಗದ ಓದಿ ಸಂತೋಷವಾಯಿತು. ಹಾಡಿನ ವಿಷಯ ನಿನ್ನಜ್ಜಿಗೆ ಓದಿ ಹೇಳಿದೆ. ಹುಲ್ಲಿನ ಹೆಣ್ಣನ್ನು ಸುಡುವ ಮಾತು ಬಂದಾಗ, “ಎಲ್ಲಿ ಹೋದ್ರೂ ಸುಡಾಕ ಹೆಣ್ಣೇ ಬೇಕೇನು?” ಎಂದು ಎದ್ದು ಹೋದಳು.

ನೀನು ಕೇಳಿದ ಕೆಲಸ ಮಾತ್ರ ಆಗುವುದಿಲ್ಲ. ಕಾರಣ ಹೇಳಬೇಕು, ನಿನಗೆ ಯಾರೂ ಹೇಳಿದಂತಿಲ್ಲ.

ಊರಿನಲ್ಲಿ ಯಾರಾದರೂ ಸತ್ತರೆ ನಮಗೆ ಕರೆ ಬರುತ್ತಿತ್ತು. ಹೊಲದಲ್ಲಿರಲಿ, ಉಣ್ಣುತ್ತಿರಲಿ, ಜ್ವರ ಬಂದು ಮಲಗಿರಲಿ, ಹೋಗಬೇಕು. ಅಂಗಳದ ಹೊರಗೆ ನಿಂತು ಬಾರಿಸಬೇಕು. ಬಡಿತ ಎದ್ದಿತೆಂದರೆ ಹೆಣ ಎತ್ತುವ ತನಕ ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಮಕ್ಕಳು ಹಸಿದು ಅಳುತ್ತಿದ್ದರೂ ಇಲ್ಲ. ಅಷ್ಟು ದೊಡ್ಡ ಮಾತು ನಮ್ಮ ಕೈಯಲ್ಲಿತ್ತು. ನೀರು ಕೇಳಿದರೆ ಮಾತ್ರ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು.

ಆ ಬಡಿತಕ್ಕೆ ಇಬ್ಬರು ಬೇಕು. ಒಬ್ಬನದು ಕರೆಯುವ ಹಲಗೆ, ಇನ್ನೊಬ್ಬನದು ಓಗೊಡುವ ಹಲಗೆ. ಮೊದಲನೆಯವನು ಕರೆದು ನಿಲ್ಲಿಸುತ್ತಾನೆ. ನಿಲ್ಲಿಸಿದ ಜಾಗದಲ್ಲಿ ಎರಡನೆಯವನು ಬರುತ್ತಾನೆ. ನಾನು ಕರೆಯುತ್ತಿದ್ದೆ, ನನ್ನ ತಮ್ಮ ಓಗೊಡುತ್ತಿದ್ದ. ತಮ್ಮ ಹೋಗಿ ಬಹಳ ಕಾಲವಾಯಿತು.

ನಿನ್ನಪ್ಪನಿಗೆ ಮಾಸ್ತರ ನೌಕರಿ ಸಿಕ್ಕ ವರ್ಷ ನಾವೆಲ್ಲ ಬುದ್ಧ ವಿಹಾರದಲ್ಲಿ ದೀಕ್ಷೆ ತೆಗೆದುಕೊಂಡೆವು. ಅವತ್ತು ಅವನು ನನ್ನ ಎರಡೂ ಕೈ ಹಿಡಿದು, “ಯಪ್ಪಾ, ಈ ಕೈ ಇನ್ನ ಯಾರ ಹೆಣದ ಮುಂದೂ ಏಳಬಾರದು. ಮಾತು ಕೊಡು,” ಎಂದ. ಕೊಟ್ಟೆ. ಓಣಿಯ ಹಲಗೆಗಳನ್ನೆಲ್ಲ ಕಾಲುವೆಗೆ ಬಿಟ್ಟೆವು. ನಮ್ಮ ಮನೆಯಲ್ಲಿ ಈಗ ಹಲಗೆ ಇಲ್ಲ.

ನಿನ್ನ ರಷ್ಯಾದವನಿಗೆ ಅದು ಯಾಕೆ ಬೇಕು? ಯಾರು ಬಾರಿಸುತ್ತಿದ್ದರು, ಎಲ್ಲಿ ನಿಂತು ಬಾರಿಸುತ್ತಿದ್ದರು ಎಂಬುದು ಅವನಿಗೆ ಗೊತ್ತೇ? ಮುಖಕ್ಕೆ ಬಣ್ಣ ಬಳಿದುಕೊಂಡವರ ಆಟಕ್ಕೆ ನಮ್ಮ ಹಳೆಯ ಗಾಯ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಸಿಟ್ಟಾಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅಮೀರ್ ಸಾಬನ ಕೈಯಲ್ಲಿ ಶೇಂಗಾ ಹಿಂಡಿ ಕಳಿಸಿದ್ದೇವೆ.

ನಿನ್ನ ತಾತ


ರಾಯಚೂರು
3 ಮಾರ್ಚ್ 2025

ತಾತ,

ಸರಿ. ಆಗುವುದಿಲ್ಲ ಎಂದಿರಿ, ಮುಗಿಯಿತು. ನಿಮ್ಮ ಮಾತಿನ ಬೆಲೆ ನನಗೆ ಗೊತ್ತು. ಮಗನ ಹೆಣದ ಮುಂದೆಯೂ ಉಳಿಸಿಕೊಂಡ ಮಾತು ಅದು.

ದುರ್ಗತ್ತೆಯ ಫೋನಿಗೆ ಆ ತಂಡದ ಒಂದು ಹಾಡು ಕಳಿಸಿದ್ದೇನೆ. ನಿಮಗೆ ಕೇಳುವುದಿಲ್ಲ, ಗೊತ್ತು. ಆದರೂ ಕಳಿಸಿದ್ದೇನೆ. ಆಟ ಎಂದು ಬರೆದಿರಲ್ಲ, ಅದಕ್ಕೆ.

ಹಿಂಡಿ ಮುಟ್ಟಿದೆ.

ಕಿರಣ


ಮಸರಕಲ್
30 ಮಾರ್ಚ್ 2025

ಮಗಾ ಕಿರಣ,

ನಿನ್ನ ಕಾಗದ ಓದಿ ಮಡಚಿಟ್ಟೆ. ಅದರ ಮಾತು ಈಗ ಬೇಡ.

ಇವತ್ತು ಯುಗಾದಿ. ನಿನ್ನಜ್ಜಿ ಹೋಳಿಗೆ ಮಾಡಿದ್ದಾಳೆ. ನೀನು ಮಾನ್ವಿಗಾದರೂ ಹೋಗಿರಬಹುದು ಎಂದುಕೊಂಡಿದ್ದೇವೆ. ಮೊನ್ನೆ ಅಮೀರ್ ಸಾಬ ರಾಯಚೂರಿನಿಂದ ಬಂದು ನನ್ನ ಎದುರು ಕೂತು ತುಟಿ ಅಗಲಿಸಿ ಅಗಲಿಸಿ ಹೇಳಿದ: “ಅರೆ ಗದ್ದೆಪ್ಪಾ, ನಿನ್ನ ಮೊಮ್ಮಗ ಭಾಳ ಸೊರಗ್ಯಾನಪ್ಪ. ಕೂದಲಾ ಇಲ್ಲೀತನಾ ಬಂದಾವ. ಚಾ ಕುಡಿ ಬಾ ಬೇಟಾ ಅಂದ್ರ, ಕಿವ್ಯಾಗ ಅದನ್ನ ಇಟ್ಕೊಂಡು ಹಂಗ ಹ್ವಾದ. ಕೇಳಸ್ತೋ ಇಲ್ಲೋ ಖುದಾಕ್ಕ ಗೊತ್ತು. ನೀನರ ಕಿವುಡ, ಅವಗೇನಾಗ್ಯದ?”

ನಾನು ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ.

ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿ. ನಿನ್ನಪ್ಪ ಒಂದು ವರ್ಷವೂ ತಪ್ಪಿಸಿರಲಿಲ್ಲ. ಈ ಸಲ ಅವನ ಜಾಗದಲ್ಲಿ ನೀನು ದೀಪ ಹಚ್ಚಬೇಕೆಂದು ನಮ್ಮ ಓಣಿಯ ಸಂಘದ ಹುಡುಗರು ಹೇಳುತ್ತಿದ್ದಾರೆ. ಸಂಘ ನಡೆಸುವವನು ನಿನ್ನಪ್ಪನ ಶಿಷ್ಯ ಕನಕರಾಜ, ನಿನಗೆ ಗೊತ್ತಲ್ಲ. ಬರುತ್ತೀಯಾ? ಎರಡು ಸಾಲು ಬರೆ ಸಾಕು.

ತಾತ


ಮಸರಕಲ್
27 ಏಪ್ರಿಲ್ 2025

ಮಗಾ ಕಿರಣ,

ನೀನು ಬರಲಿಲ್ಲ, ಬರೆಯಲಿಲ್ಲ. ಜಯಂತಿಯ ದೀಪವನ್ನು ದುರ್ಗಾ ಹಚ್ಚಿದಳು. ನಾನೇ ಮತ್ತೆ ಬರೆಯುತ್ತಿದ್ದೇನೆ. ಮುದುಕರಿಗೆ ಮಾನ ಕಡಿಮೆ.

ನಿನ್ನ ಹಾಡು ಕೇಳಿದೆ. ಹೇಗೆಂದು ಹೇಳುತ್ತೇನೆ, ನಿನ್ನವ್ವನಿಗೂ ಸಂಘದವರಿಗೂ ಹೇಳಬೇಡ. ನಮ್ಮ ಮನೆಯಲ್ಲಿ ಹಲಗೆ ಇಲ್ಲ ಎಂದು ಬರೆದಿದ್ದೆನಲ್ಲ, ಇದೆ. ಜೋಳ ತುಂಬಿಡುವ ಗುಮ್ಮಿಯ ಬಾಯಿಗೆ ಮುಚ್ಚಳ ಮಾಡಿ, ಮೇಲೆ ಸಗಣಿ ಸಾರಿಸಿ ಇಟ್ಟದ್ದು ನನ್ನ ತಮ್ಮನ ಹಲಗೆ. ಎಲ್ಲ ಹಲಗೆಗಳೂ ನೀರಿಗೆ ಹೋದ ದಿನ ನಿನ್ನಜ್ಜಿ ಅದೊಂದನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ತಂದಳು. ನಿನ್ನಪ್ಪ ಎಷ್ಟೋ ಸಲ ಆ ಮುಚ್ಚಳ ಸರಿಸಿ ಜೋಳ ತೆಗೆದಿದ್ದಾನೆ. ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಅದನ್ನು ಇಳಿಸಿ, ಒರೆಸಿ, ಬಿಸಿಲಿಗೆ ಹಿಡಿದೆ. ತೊಡೆಯ ಮೇಲಿಟ್ಟುಕೊಂಡು ದುರ್ಗಾಳ ಫೋನನ್ನು ಚರ್ಮದ ಮೇಲೆ ಮಲಗಿಸಿ, ಹಾಡು ಹಚ್ಚು ಎಂದೆ. ಎರಡೂ ಅಂಗೈ ಚರ್ಮದ ಅಂಚಿಗೆ ಇಟ್ಟೆ. ಮೊದಲು ಏನೂ ಇಲ್ಲ. ಅದು ನೀನು ಬರೆದ ಗಾಳಿ ಇರಬೇಕು. ಆಮೇಲೆ ಸಣ್ಣಗೆ ಇರುವೆ ಹರಿದ ಹಾಗೆ. ಆಮೇಲೆ ಒಮ್ಮೆಲೇ ಬಂತು ನೋಡು. ಹಲಗೆಯ ಕೈಯಲ್ಲ ಅದು, ಕುದುರೆ ಓಟ. ಅಷ್ಟು ಜೋರು ನಾನು ಎಂದೂ ಬಾರಿಸಿಲ್ಲ. ಹುಡುಗ ಎರಡು ಕಾಲಿನಿಂದಲೂ ಬಾರಿಸುತ್ತಾನೆಂದು ಕಾಣುತ್ತದೆ, ಹೌದೇ? ದುರ್ಗಾ ಕಿವಿ ಮುಚ್ಚಿಕೊಂಡಳು. ನಾನು, ಇರಲಿ, ಇನ್ನೊಮ್ಮೆ ಹಚ್ಚು ಎಂದೆ. ಮತ್ತೊಮ್ಮೆ ಹಚ್ಚು ಎಂದೆ.

ನಡುವೆ ಡ್ರಮ್ಮು ನಿಲ್ಲುತ್ತದೆ. ಆ ಜಾಗದಲ್ಲಿ ಚರ್ಮ ಬೇರೆ ತರಹ ನಡುಗಿತು. ಅದು ಕಿರುಚುವವನ ದನಿಯೆಂದು ದುರ್ಗಾ ಪಾಟಿಯ ಮೇಲೆ ಬರೆದಳು. ಮಗಾ, ನನ್ನ ಕೈಗೆ ಆ ನಡುಕ ಗೊತ್ತು. ನಿನ್ನಪ್ಪನನ್ನು ಮಣ್ಣಿಗಿಡುವಾಗ ನಿನ್ನಜ್ಜಿ ನನ್ನ ತೋಳು ಹಿಡಿದುಕೊಂಡಿದ್ದಳು. ಆಚಾರ್ಯರು ಬುದ್ಧ ವಂದನೆ ಹೇಳುತ್ತಿದ್ದರು, ಎಲ್ಲರೂ ಶಾಂತವಾಗಿರಬೇಕಿತ್ತು. ಅವಳು ಬಾಯಿ ಬಿಗಿ ಹಿಡಿದಿದ್ದಳು. ಆ ಕೈ ನನ್ನ ತೋಳಿನ ಮೇಲೆ ಹೀಗೇ ನಡುಗುತ್ತಿತ್ತು.

ಆಟ ಎಂದು ಬರೆದದ್ದು ನನ್ನ ತಪ್ಪು ತಿಳಿವಳಿಕೆ. ಅವನು ಆಡುತ್ತಿಲ್ಲ, ಅಳುತ್ತಿದ್ದಾನೆ. ಯಾರು ಸತ್ತಿದ್ದಾರೆಂದು ಅವನಿಗೆ ಆ ಅಳು? ಅದನ್ನು ಹಗಲೂ ರಾತ್ರಿ ಕೇಳುವ ನಿನಗೆ ಏನಾಗಿದೆ? ಮದುವೆ ಸೀಜನ್ ಎಂದು ಬರೆಯಬೇಡ. ನಿಜ ಬರೆ.

ನಿನ್ನ ತಾತ


ರಾಯಚೂರು
13 ಮೇ 2025

ತಾತನಿಗೆ,

ನಿಮ್ಮ ಎರಡೂ ಕಾಗದ ಮುಟ್ಟಿದ್ದವು. ಉತ್ತರ ಬರೆದು ಹರಿದು ಹಾಕಿದೆ. ನಿನ್ನೆ ಬುದ್ಧ ಪೂರ್ಣಿಮೆ. ರೂಮಿನಲ್ಲಿ ಅಪ್ಪನ ಫೋಟೋದ ಮುಂದೆ ಮೇಣದ ಬತ್ತಿ ಹಚ್ಚಿ ಕೂತೆ. ಆಗಲೂ ಕಣ್ಣಲ್ಲಿ ನೀರು ಬರಲಿಲ್ಲ. ನಿಜ ಬರೆ ಎಂದಿರಿ, ಬರೆಯುತ್ತಿದ್ದೇನೆ.

ಮಿರೊನ್ ಸಾವಿನ ಬಡಿತ ಬೇಕೆಂದು ಕೇಳಿರಲಿಲ್ಲ. ನಿಮ್ಮ ಊರಿನ ಯಾವುದಾದರೂ ಡ್ರಮ್ ಇದ್ದರೆ ಕಳಿಸು ಎಂದಷ್ಟೇ ಅವನು ಬರೆದಿದ್ದ. ಸಾವಿನ ಬಡಿತ ಬೇಕಾಗಿದ್ದದ್ದು ನನಗೆ.

ಅವತ್ತು ಮಸರಕಲ್ಲಿನಲ್ಲಿ ಅಪ್ಪನನ್ನು ಇಳಿಸುವಾಗ ನಾನು ನಿಮ್ಮನ್ನೇ ನೋಡುತ್ತಿದ್ದೆ. ನೀವು ಮಣ್ಣಿನ ಗುಡ್ಡೆಯ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಿರಿ. ಊರಿನ ಎಲ್ಲರ ಸಾವಿಗೆ ಎದ್ದ ಕೈ. ಈಗ ಏಳುತ್ತದೆ, ಈಗ ಏಳುತ್ತದೆ ಎಂದು ಕಾದೆ. ಮಣ್ಣು ಬೀಳುವ ಸದ್ದೊಂದೇ ಬಂತು. ಬಿಳಿ ಬಟ್ಟೆ, ಮೇಣದ ಬತ್ತಿ, ಎಲ್ಲ ಎಷ್ಟು ನಯವಾಗಿತ್ತೆಂದರೆ ಅಪ್ಪ ವರ್ಗಾವಣೆಯಾಗಿ ಹೋದ ಹಾಗಿತ್ತು. ಅಳಬೇಕೆಂದು ಯಾರೂ ನನಗೆ ಹೇಳಲೇ ಇಲ್ಲ. ಅವ್ವನ ಮನೆಗೆ ಹೋದರೆ ಅಪ್ಪನ ಸೈಕಲ್ಲು ಬಾಗಿಲಲ್ಲೇ ನಿಂತಿರುತ್ತದೆ. ಅದಕ್ಕೇ ಹೋಗುವುದಿಲ್ಲ.

ಆ ರಷ್ಯಾದ ಹಾಡಿನಲ್ಲಿ ಅಷ್ಟು ಜನ ಸೇರಿ ಒಬ್ಬ ಸತ್ತವನಿಗಾಗಿ ಆಕಾಶ ಹರಿಯುವ ಹಾಗೆ ಕೂಗುತ್ತಾರೆ. ಭಾಷೆ ತಿಳಿಯದಿದ್ದರೂ ಅದು ನಮ್ಮ ಮನೆಯಲ್ಲಿ ಆಗದೆ ಉಳಿದ ಸದ್ದು ಎನ್ನಿಸಿತು.

ಇನ್ನೊಂದು ವಿಷಯ. ಫೆಬ್ರುವರಿ ಕೊನೆಯಲ್ಲಿ ಆ ತಂಡವನ್ನು ಮೆಚ್ಚುವವರ ಗುಂಪಿನಲ್ಲಿ ನನ್ನ ಫೋಟೋ ಹಾಕಿದೆ, ಬಣ್ಣ ಹಚ್ಚಿದ್ದು ಒಂದು, ಹಚ್ಚದ್ದು ಒಂದು. ಒಬ್ಬ ಬರೆದ: ‘ಈ ದೇವರುಗಳು ನಮ್ಮ ರಕ್ತದವರಿಗೆ. ನೀನು ನಿನ್ನ ದೇವರುಗಳ ಹತ್ತಿರ ಹೋಗು. ಬಿಳಿ ಬಳಿದುಕೊಂಡರೆ ಬೆಳ್ಳಗಾಗುತ್ತೀಯಾ?’ ಬಹಳ ಜನ ನಗುವ ಚಿತ್ರ ಒತ್ತಿದರು. ಮಿರೊನ್ ಅಲ್ಲೇ ಇದ್ದ, ಏನೂ ಬರೆಯಲಿಲ್ಲ. ಮರುದಿನ ನನಗೊಬ್ಬನಿಗೇ, ‘ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹುಡುಗರು ಹಾಗೆಯೇ,’ ಎಂದು ಬರೆದ. ಎಲ್ಲರ ಮುಂದೆ ಹೇಳಲಿಲ್ಲ.

ನನ್ನ ದೇವರುಗಳು ಯಾರು ತಾತ? ಊರ ಗುಡಿಯೊಳಗೆ ನಮ್ಮನ್ನು ಬಿಡಲಿಲ್ಲ. ಅಪ್ಪ ಬುದ್ಧನನ್ನು ತಂದು, ಬುದ್ಧ ದೇವರಲ್ಲ ಎಂದು ಹೇಳಿಕೊಟ್ಟರು. ಅಷ್ಟು ದೂರದ ಹಿಮದಲ್ಲಿ, ಮುಖವೇ ಕಾಣದ ಜನರ ನಡುವೆ ಕೂಡ ನನಗೆ ಸಿಕ್ಕದ್ದು ಅಂಗಳದ ಹೊರಗಿನ ಜಾಗವೇ. ಆ ಸಿಟ್ಟನ್ನು ಮಾರ್ಚಿನ ಕಾಗದದಲ್ಲಿ ನಿಮ್ಮ ಮೇಲೆ ತೆಗೆದೆ.

ಗುಂಪು ಬಿಟ್ಟೆ. ಹಾಡು ಬಿಡಲು ಆಗಿಲ್ಲ. ಕೇಳಿದರೆ ನಾಚಿಕೆ, ಕೇಳದಿದ್ದರೆ ನಿದ್ದೆ ಇಲ್ಲ. ಮುಂದೇನು ಮಾಡಬೇಕೋ ಗೊತ್ತಾಗುತ್ತಿಲ್ಲ. ಇದನ್ನು ಅವ್ವನಿಗೆ ತೋರಿಸಬೇಡಿ.

ಕಿರಣ


ಮಸರಕಲ್
25 ಮೇ 2025

ಮಗಾ ಕಿರಣ,

ನೀನು ಹೇಗಿದ್ದೀ ಎಂದು ಕೇಳುವುದಿಲ್ಲ, ಬರೆದಿದ್ದೀಯ. ಸುಮಂಗಲಾ ಇಲ್ಲಿಗೆ ಬಂದಿದ್ದಾಳೆ. ಯಾಕೆ ಬಂದಳೆಂದು ಮುಂದೆ ಬರುತ್ತದೆ. ನಿನ್ನಜ್ಜಿಯ ಕೆಮ್ಮು ಕಡಿಮೆ. ದುರ್ಗಾ ನನ್ನ ಮೇಲೆ ಸಿಟ್ಟಾಗಿ ಈಗ ತಿಳಿಯಾಗಿದ್ದಾಳೆ. ಅಮೀರ್ ಸಾಬ ಬೇಗ ಹೊರಡಬೇಕೆಂದು ಹೊಸ್ತಿಲಲ್ಲೇ ಕೂತಿದ್ದಾನೆ, ಕೂತಿರಲಿ.

ಕೈ ಯಾಕೆ ತೊಡೆಯ ಕೆಳಗೆ ಇಟ್ಟಿದ್ದೆ ಎಂದು ನೀನು ಕೇಳಿಲ್ಲ. ಹೇಳುತ್ತೇನೆ. ಬಿಟ್ಟರೆ ಏಳುತ್ತಿದ್ದವು.

ನಿನ್ನ ಕಾಗದ ಓದಿದ ಮರುದಿನ ಬೆಳಿಗ್ಗೆ ಹತ್ತಿ ಕಟ್ಟಿಗೆಯ ಹೊರೆ ಹೊತ್ತು ಕಾಲುವೆ ದಂಡೆಯ ನಮ್ಮ ಹೊಲಕ್ಕೆ ಹೋದೆ. ಹಲಗೆ ಚೀಲದಲ್ಲಿತ್ತು. ನಿನ್ನಪ್ಪನ ಮಣ್ಣಿನ ಪಕ್ಕ ಬೆಂಕಿ ಹಾಕಿ, ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿದೆ. ಮೊದಲೆಲ್ಲ ಕಿವಿಯಿಂದ ಹದ ನೋಡುತ್ತಿದ್ದೆ, ಈಗ ಅಂಗೈಯಿಂದ. ಇಷ್ಟು ವರ್ಷ ಜೋಳದ ವಾಸನೆ ಕುಡಿದ ಚರ್ಮ, ಬೇಗ ಕಾಯಲಿಲ್ಲ. ಆಮೇಲೆ ಎದ್ದು ನಿಂತು ಬಾರಿಸಿದೆ.

ಒಂದು ಮಾತು ಮರೆತೇ ಹೋಗಿತ್ತು ನೋಡು. ಬಡಿತ ಎದ್ದರೆ ಊರು ಸುಮ್ಮನಿರುವುದಿಲ್ಲ. ನನಗೆ ಕೇಳಿಸದ್ದಕ್ಕೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡೆನೋ ಏನೋ. ಬಾರಿಸುತ್ತ ಕಣ್ಣು ಬಿಟ್ಟರೆ ದಂಡೆಯ ಮೇಲೆ ಜನ! ಓಣಿಯಲ್ಲಿ ಒಲೆ ಆರಿಸಿದ್ದಾರೆ. ಕೈಯಲ್ಲಿ ಹಿಟ್ಟು ಹಾಗೇ ಇರುವ ಹೆಂಗಸರು ಓಡಿ ಬಂದಿದ್ದಾರೆ. ನಿನ್ನಜ್ಜಿ ಎಲ್ಲರಿಗಿಂತ ಮುಂದೆ. ನಾನೇ ಸತ್ತೆ ಎಂದುಕೊಂಡಳಂತೆ. ನಾನೇ ಬಾರಿಸುವುದು ಕಂಡು ಎದೆಯ ಮೇಲೆ ಕೈ ಇಟ್ಟು, “ಬದುಕೀಯಾ! ಹಂಗಾದ್ರ ಸತ್ತಾರರ ಯಾರು? ಒಲಿ ಮ್ಯಾಲ ರೊಟ್ಟಿ ಬಿಟ್ಟು ಬಂದೀನಿ,” ಎಂದಳು. ಯಾರೋ ದಡ್ಡರು ಮಾನ್ವಿಗೂ ಫೋನು ಮಾಡಿದ್ದಾರೆ. ಪಾಪ ಸುಮಂಗಲಾ ಸಿಕ್ಕ ಬಸ್ಸು ಹಿಡಿದು ಅಳುತ್ತಲೇ ಬಂದಳು.

ಮೇಲೋಣಿಯ ಮುದುಕ ಗೌಡರೂ ಬಂದಿದ್ದರು. ಬಡಿತ ಕೇಳಿದ ರೂಢಿಗೆ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ನಮ್ಮ ಹೊಲದ ಬದುವಿನ ಹೊರಗೆ ನಿಂತು, “ಯಾರ್ ಹೋದ್ರೋ ಗದ್ದೆಪ್ಪಾ?” ಎಂದು ಕೇಳಿದರು. ತುಟಿ ಓದಿದೆ.

“ನನ್ನ ಮಗ ಹೋದನ್ರಿ,” ಎಂದೆ.

“ಅಂಬರೀಶ ಮಾಸ್ತರ ಹೋಗಿದ್ದು ದೀಪಾವಳಿ ಹಿಂದ್ಲಿ ಅಲ್ಲೇನಲೇ?”

“ಹೌದ್ರಿ. ಇವತ್ತ ಅಳಾಕತ್ತೀವಿ. ಹೊರಗ್ಯಾಕ ನಿಂತೀರಿ, ಒಳಗ ಬರ್ರಿ ಗೌಡ್ರ.”

ಅವರು ಒಳಗೆ ಬಂದರೋ ಇಲ್ಲವೋ ನಾನು ನೋಡಲಿಲ್ಲ. ಮತ್ತೆ ಬಾರಿಸಲು ಹಿಡಿದಿದ್ದೆ. ನಿನ್ನಜ್ಜಿ ಮಣ್ಣಿನ ಮೇಲೆ ಕೂತು ಬಾಯಿ ತೆರೆದಳು. ಅವತ್ತು ಬಿಗಿ ಹಿಡಿದದ್ದೆಲ್ಲ ಹೊರಗೆ ಬಂತು. ನನಗೆ ಕೇಳಿಸಲಿಲ್ಲ. ಚರ್ಮ ನಡುಗಿತು, ಅಷ್ಟು ಸಾಕಾಯಿತು.

ಇದರಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಕನಕರಾಜ ಬಂದು ಪಾಟಿ ಕಸಿದುಕೊಂಡು ಬರೆದ: ‘ನಿಮ್ಮ ಮಗನ ಮಾತು ಮಣ್ಣಾಯಿತೇ? ನಾಳೆ ಮೇಲೋಣಿಯವರು ನಮ್ಮ ಹುಡುಗರನ್ನು ಬಾರಿಸಲು ಕರೆದರೆ ಏನು ಹೇಳಲಿ?’ ಅವನ ಕಣ್ಣಲ್ಲಿ ನೀರಿತ್ತು. ಅವನು ಕೇಳಿದ್ದು ತಪ್ಪಲ್ಲ. ಹಾಗೆ ಕೇಳುವುದನ್ನು ನಿನ್ನಪ್ಪನೇ ಅವನಿಗೆ ಕಲಿಸಿದ್ದು. ಯಾರ ಹೆಣದ ಮುಂದೂ ಬಾರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ನಿನ್ನಪ್ಪನ ಹೆಣವೂ ಅದರಲ್ಲಿ ಸೇರಿತ್ತೋ ಇಲ್ಲವೋ ಅವನನ್ನೇ ಕೇಳಬೇಕು. ಯಾರೂ ಕರೆಯದೆ, ನನ್ನ ಹೊಲದಲ್ಲಿ, ನನ್ನ ಮಗನಿಗೆ ಬಾರಿಸಿದೆ ಎಂದು ಬರೆಯಲು ಬಳಪ ಹಿಡಿದೆ. ಅರ್ಧ ಬರೆದು ಅಂಗೈಯಿಂದ ಒರೆಸಿದೆ. ಬರುವ ಹುಣ್ಣಿಮೆಯ ವಂದನೆಗೆ ಬಂದು ಸಂಘದ ಮುಂದೆ ಉತ್ತರ ಹೇಳಬೇಕೆಂದಿದ್ದಾರೆ. ಎಷ್ಟೋ ಜನ ಒಟ್ಟಿಗೆ ಮಾತಾಡುತ್ತಾರೆ, ಎಲ್ಲರ ತುಟಿ ನನಗೆ ಓದಲಾಗುವುದಿಲ್ಲ. ಪಕ್ಕದಲ್ಲಿ ಕೂತು ಪಾಟಿಯ ಮೇಲೆ ಬರೆದು ತೋರಿಸುವವರು ಬೇಕು. ದುರ್ಗಾ ಬೈಗುಳಗಳನ್ನು ಬಿಟ್ಟು ಬರೆಯುತ್ತಾಳೆ. ನೀನು ಬಿಡುವುದಿಲ್ಲ.

ಅಲ್ಲಿಯೂ ಅಂಗಳದ ಹೊರಗೇ ನಿಲ್ಲಿಸಿದ್ದಾರೆಂದು ಬರೆದೆಯಲ್ಲ, ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ. ಹೊರಗೆ ನಿಂತು ಬಾರಿಸಿದರೂ ಬಡಿತ ಚೆನ್ನಾಗಿಯೇ ಇತ್ತು ಎಂದು ಮಾತ್ರ ನನ್ನ ಕೈಗೆ ಗೊತ್ತು. ಆ ಕಿರುಚುವವನ ಅಳು ಸುಳ್ಳಲ್ಲ, ನಿನ್ನನ್ನು ನಕ್ಕವರ ನಗುವೂ ಸುಳ್ಳಲ್ಲ. ಎರಡೂ ಒಂದೇ ಊರಿನಿಂದ ಬಂದವು. ನಮ್ಮ ಊರಿನಲ್ಲೂ ಹಾಗೆಯೇ ಅಲ್ಲವೇ. ಹಾಡು ಕೇಳು, ನಾಚಬೇಡ. ಮಿರೊನ್ ಹಲಗೆಯ ಸದ್ದು ಬೇಕೆಂದು ಮತ್ತೆ ಕೇಳಿದರೆ, ಅದನ್ನು ಎಲ್ಲಿ ನಿಲ್ಲಿಸುತ್ತೀ, ಎಲ್ಲರ ಮುಂದೆಯೋ, ಹಿಂದೆಯೋ ಎಂದು ಮೊದಲು ಕೇಳು. ಉತ್ತರ ನೋಡಿ ನೀನೇ ತೀರ್ಮಾನಿಸು.

ಬಡಿತವನ್ನು ಫೋನಿನಲ್ಲಿ ತುಂಬಿ ಕಳಿಸುವುದು ಬೇಡವೆಂದು ದುರ್ಗಾಳಿಗೆ ಹೇಳಿದೆ. ಅದು ಪೂರ್ತಿಯಾಗಿಲ್ಲ. ನನಗೆ ಬರುವುದು ಕರೆಯುವ ಕೈ ಮಾತ್ರ. ಮೊನ್ನೆ ಹೊಲದಲ್ಲಿ ಕರೆದು ನಿಲ್ಲಿಸುತ್ತಿದ್ದೆ, ತಮ್ಮ ಓಗೊಡುವಷ್ಟು ಜಾಗ ಬಿಡುತ್ತಿದ್ದೆ, ಯಾರೂ ಇರುತ್ತಿರಲಿಲ್ಲ, ಮತ್ತೆ ಕರೆಯುತ್ತಿದ್ದೆ. ನಿನ್ನಪ್ಪನಿಗೆ ಅರ್ಧವೇ ಸಂದಿದೆ. ಓಗೊಡುವ ಕೈ ಕಷ್ಟವಲ್ಲ, ಚಿಕ್ಕವರಿಗೆ ಬೇಗ ಬರುತ್ತದೆ. ಹಲಗೆಯನ್ನು ಮತ್ತೆ ಗುಮ್ಮಿಯ ಮೇಲೆ ಇಟ್ಟಿಲ್ಲ. ಗೂಟಕ್ಕೆ ತೂಗು ಹಾಕಿದ್ದೇನೆ, ಬಂದವರೆಲ್ಲ ನೋಡಲಿ.

ನಿನ್ನವ್ವ ಪಕ್ಕದಲ್ಲಿ ಕೂತು, ಏನು ಬರೆಯುತ್ತಿದ್ದೀರಿ ಎಂದು ಕೇಳುತ್ತಿದ್ದಾಳೆ. ಅವಳಿಗೆ ನಿನ್ನ ಕಾಗದ ತೋರಿಸಿಲ್ಲ. ಆ ಸೈಕಲ್ಲನ್ನು ಬಾಗಿಲಿನಿಂದ ತೆಗೆಯಲು ಅವಳಿಗೂ ಧೈರ್ಯವಾಗಿಲ್ಲವಂತೆ. ಇದನ್ನು ನಾನು ಕೇಳಲಿಲ್ಲ, ಅವಳೇ ಹೇಳಿದಳು.

ಅಮೀರ್ ಸಾಬ ಎದ್ದು ನಿಂತ. ಕಾಗದ ಮಡಚುತ್ತೇನೆ. ಹುಣ್ಣಿಮೆಗೆ ಬರುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಬರೆ. ನಾನು ಕರೆದು ನಿಲ್ಲಿಸಿದ್ದೇನೆ, ಈಗ ನಿನ್ನ ಸರದಿ. ಬೇಗ ಬರೆ ಮಗಾ.

ನಿನ್ನ ತಾತ,
ಗದ್ದೆಪ್ಪ